ಹಲ್ಲಕ್ಕ ಕೊಟ್ಟ ಪವರ್

ಆ ಊರಿನಲ್ಲಿ ಐವತ್ತು ದಾಟಿದವರು ಯಾರೇ ನಕ್ಕರೂ ಅರ್ಧ ನಗು ಅವರದು, ಇನ್ನರ್ಧ ಹಲ್ಲಕ್ಕನದು. ಮೂವತ್ತು ವರ್ಷದಲ್ಲಿ ಅವಳು ಕಟ್ಟಿದ ಹಲ್ಲಿನ ಸೆಟ್ಟುಗಳನ್ನು ಸಾಲಾಗಿ ಇಟ್ಟರೆ ಬಸ್ ನಿಲ್ದಾಣದಿಂದ ಹೊರಟು ದೊಡ್ಡಾಸ್ಪತ್ರೆಗೆ ಹೋಗಿ, ಚೀಟಿ ಬರೆಸಿಕೊಂಡು, ಅದೇ ದಾರಿಯಲ್ಲಿ ವಾಪಸ್ ಬರುತ್ತಿದ್ದವು. ಅವಳ ಸೆಟ್ಟು ಹಾಕಿಸಿಕೊಂಡ ಮುದುಕನೊಬ್ಬ ಗಟ್ಟಿ ಇದೆಯೋ ನೋಡೋಣ ಅಂತ ಮಂಚದ ಕಾಲು ಕಚ್ಚಿದನಂತೆ. ಮಂಚ ಮೂರು ಕಾಲಿನದಾಯಿತು, ಸೆಟ್ಟಿಗೆ ಒಂದು ಗೀರೂ ಬೀಳಲಿಲ್ಲ. ಸುಳ್ಳು ಅನ್ನುವವರು ಆ ಮಂಚದ ಮೇಲೆ ಒಂದು ಮಧ್ಯಾಹ್ನ ಮಲಗಿ ಎದ್ದು ಬಂದು ಮಾತಾಡಲಿ.

ಅವಳ ಅಂಗಡಿ ಮುಖ್ಯ ಬೀದಿಯ ಮೂಲೆಯಲ್ಲಿತ್ತು. ಎರಡೇ ಕೋಣೆ. ಮುಂದಿನದರಲ್ಲಿ ಹಿಂದಕ್ಕೆ ಒರಗುವ ಕುರ್ಚಿ, ಉಗುಳುವ ಬೇಸಿನ್ನು, ಬೆಳಕಿಗೊಂದು ದೊಡ್ಡ ಕಿಟಕಿ. ಹಿಂದಿನದರಲ್ಲಿ ಗ್ಯಾಸ್ ಒಲೆ, ಸೆಟ್ಟು ಬೇಯಿಸುವ ಪಾತ್ರೆ, ಪ್ಲಾಸ್ಟರ್ ಮೂಟೆ. ಗೋಡೆಯುದ್ದಕ್ಕೂ ಹಲಗೆ, ಹಲಗೆಯ ಮೇಲೆ ಊರಿನ ಬಾಯಿಗಳೆಲ್ಲ ಬಿಳೀ ಅಚ್ಚಾಗಿ ಕೂತಿದ್ದವು. ಬದುಕಿರುವವರವು ಮೇಲಿನ ಸಾಲು, ಹೋದವರವು ಕೆಳಗಿನ ಸಾಲು. ಈ ಎರಡು ಕೋಣೆಗಳನ್ನು ಅವಳಪ್ಪ ಅವಳೊಬ್ಬಳ ಹೆಸರಿಗೆ ಬರೆದಿಟ್ಟು ಕಣ್ಣು ಮುಚ್ಚಿದ್ದ. ಅವಳಿಗೆ ಊರಿನಲ್ಲಿ ಅದೊಂದೇ ಸ್ವಂತದ್ದು. ಗಂಡನೂ ಇದ್ದ, ಆದರೆ ಅವನನ್ನು ಆಸ್ತಿಯ ಪಟ್ಟಿಗೆ ಸೇರಿಸಿದರೆ ಪಟ್ಟಿಗೇ ಅವಮಾನ.

ಗಂಡನ ಹೆಸರು ಊರಿಗೆ ಮರೆತುಹೋಗಿತ್ತು. ಏನು ಕೇಳಿದರೂ ‘ನಾನು ನೋಡ್ಕೋತೀನಿ’ ಅನ್ನುತ್ತಿದ್ದನಾದ್ದರಿಂದ ಎಲ್ಲರೂ ಅವನನ್ನು ನೋಡ್ಕೋತೀನಪ್ಪ ಅನ್ನುತ್ತಿದ್ದರು. ಬಸ್ ಡಿಪೋದಲ್ಲಿ ಟಿಕೆಟ್ ಕಟ್ಟು ಎಣಿಸುವ ಗುಮಾಸ್ತನಾಗಿ ಐದು ವರ್ಷ ಇದ್ದ. ಆಮೇಲೆ, ‘ಇನ್ನೊಬ್ಬರ ಕೈ ಕೆಳಗೆ ದುಡಿಯೋ ಜಾಯಮಾನ ನಂದಲ್ಲ’ ಅಂತ ಬಿಟ್ಟು ಬಂದ. ಕೈ ಕೆಳಗೆ ಬೇಡವೆಂದವನು ಸೀದಾ ಬಂದು ಹೆಂಡತಿಯ ತಲೆಯ ಮೇಲೆ ಕೂತ. ಆ ಕೂತದ್ದಕ್ಕೆ ಅವನಿಟ್ಟುಕೊಂಡ ಹೆಸರು ‘ಆಡಳಿತ’.

ಅವಳ ಬದಲು ಸಹಿ ಹಾಕುವ ಅಧಿಕಾರದ ಪವರ್ ಪತ್ರ ಅವನ ಕೈಗೆ ಬಂದ ಬಗೆ ಹೀಗೆ. ಪ್ಲಾಸ್ಟರನ್ನು ನೀರಿಗೆ ಹಾಕಿ ಕಲಸಿದರೆ ನಾಲ್ಕು ನಿಮಿಷ. ಅಷ್ಟರಲ್ಲಿ ಅಚ್ಚಿಗೆ ಸುರಿಯಬೇಕು, ತಟ್ಟಿ ತಟ್ಟಿ ಗಾಳಿಗುಳ್ಳೆ ತೆಗೆಯಬೇಕು. ಐದನೇ ನಿಮಿಷಕ್ಕೆ ಅದು ಕಲ್ಲು. ನೋಡ್ಕೋತೀನಪ್ಪ ಸಹಿಯ ಕಾಗದ ಹಿಡಿದು ಬರುತ್ತಿದ್ದುದು ಯಾವಾಗಲೂ ಸರಿಯಾಗಿ ಎರಡನೇ ನಿಮಿಷಕ್ಕೆ. ಕರೆಂಟಿನವರದು, ಬ್ಯಾಂಕಿನದು, ತೆರಿಗೆಯದು. ಅವಳು ಕೈ ತೊಳೆದು, ಒರೆಸಿ, ಸಹಿ ಹಾಕಿ ತಿರುಗುವ ಹೊತ್ತಿಗೆ ಬೋಗುಣಿಯಲ್ಲಿ ಕಲ್ಲು. ಒಂದು ದಿನ ಹೀಗೇ ಮೂರು ಬೋಗುಣಿ ಕಲ್ಲಾದವು. ಸಿಟ್ಟಿನಲ್ಲಿ ಅವಳು, ‘ನನ್ನ ಕೈ ಖಾಲಿ ಇರಲ್ಲ ಅಂತ ಗೊತ್ತಿಲ್ವಾ, ನೀವೇ ಹಾಕ್ಕೊಂಡು ಸಾಯ್ರಿ’ ಅಂದಳು. ಅವನು ಸಾಯುವ ಭಾಗವನ್ನು ಬಿಟ್ಟು ಉಳಿದದ್ದನ್ನು ಪಾಲಿಸಿದ. ವಾರದೊಳಗೆ ನೋಂದಣಿ ಕಚೇರಿಗೆ ಕರೆದುಕೊಂಡು ಹೋಗಿ, ಒಂದು ಪತ್ರಕ್ಕೆ ಅವಳ ಸಹಿ, ಹೆಬ್ಬೆಟ್ಟು ಎರಡೂ ಹಾಕಿಸಿದ. ‘ಇನ್ಮೇಲೆ ನಿನಗೆ ಕಾಗದದ ಕಾಟ ಇಲ್ಲ’ ಅಂದ. ಒಲೆಯ ಮೇಲೆ ಪಾತ್ರೆ ಇಟ್ಟು ಬಂದಿದ್ದ ಹಲ್ಲಕ್ಕ ಅದನ್ನು ಓದಲಿಲ್ಲ. ಇಪ್ಪತ್ತೆರಡು ವರ್ಷವಾಯಿತು.

ಒಂದು ಮಂಗಳವಾರ ಬೆಳಿಗ್ಗೆ ಟೈಲ್ಸ್ ಅಂಗಡಿಯವನು ಬಂದ. ಅವಳಿಗೆ ಹೊಸ ಗಿರಾಕಿ. ಬಾಯಲ್ಲಿ ಮೇಲಿನ ಸಾಲು ಪೂರಾ ಖಾಲಿ, ಕೆಳಗೆ ಐದಾರು ಕಾವಲುಗಾರರು. ಕುರ್ಚಿಯಲ್ಲಿ ಕೂರುವ ಮೊದಲೇ ಗೋಡೆ ಕುಟ್ಟಿ ನೋಡಿದ, ನೆಲಕ್ಕೆ ಕಾಲು ಒತ್ತಿ ನೋಡಿದ, ಕಿಟಕಿಯ ಅಗಲವನ್ನು ಗೇಣಿನಲ್ಲಿ ಅಳೆದ.

‘ಬಾಯಿ ತೋರ್ಸೋಕೆ ಬಂದ್ರೋ, ಗೋಡೆ ನೋಡೋಕೆ ಬಂದ್ರೋ?’ ಅಂದಳು ಹಲ್ಲಕ್ಕ.

‘ಎರಡಕ್ಕೂ ಕಣಮ್ಮಾ. ಈ ಜಾಗ ನಾನೇ ತಗೋತಾ ಇರೋದು. ಒಡೆದು ಶೋರೂಂ ಮಾಡ್ತೀನಿ. ನೀನಿಲ್ಲಿ ಬಾಡಿಗೆಗಿದ್ದೀಯಂತೆ, ಪಾಪ. ಹೆದರ್ಕೋಬೇಡ, ಒಂದು ತಿಂಗಳು ಟೈಮ್ ಕೊಡ್ತೀನಿ. ಅಷ್ಟರಲ್ಲಿ ನನ್ನ ಸೆಟ್ಟು ಮುಗಿಸ್ಬಿಡು.’

ಹಲ್ಲಕ್ಕನ ಕೈ ಅಚ್ಚಿನ ಹಿಟ್ಟು ಕಲಸುತ್ತಿತ್ತು. ಕೈ ನಿಲ್ಲಲಿಲ್ಲ. ಆ ಕೈಗೆ ಅವಳ ತಲೆಯನ್ನು ಕೇಳಿ ಕೆಲಸ ಮಾಡುವ ಅಭ್ಯಾಸ ಯಾವತ್ತೋ ತಪ್ಪಿತ್ತು.

‘ಯಾರು ಹೇಳಿದ್ದು, ನಾನು ಬಾಡಿಗೆಗಿದ್ದೀನಿ ಅಂತ?’

‘ಓನರಮ್ಮನ ಗಂಡ. ಭಾನುವಾರ ಅಂಗಡಿ ಮುಚ್ಚಿದ್ದಾಗ ಆಚೆ ಫುಟ್‌ಪಾತಲ್ಲಿ ನಿಲ್ಸಿ ತೋರಿಸ್ದ. ಜಾಗ ಹೆಂಡ್ತಿ ಹೆಸರಲ್ಲಿದೆ, ಆದ್ರೆ ಪೂರ್ತಿ ಪವರ್ ಆತನ ಹತ್ರಾನೇ ಇದೆ. ಬಹಳ ತಿಳಿದೋನು. ಮಾತು ಮಾತಿಗೆ ನಾನು ನೋಡ್ಕೋತೀನಿ, ನಾನು ನೋಡ್ಕೋತೀನಿ ಅಂತಾನೆ.’

‘ಬಾಯಿ ತೆಗೀರಿ,’ ಅಂದಳು ಹಲ್ಲಕ್ಕ.

ಹಿಟ್ಟು ತುಂಬಿದ ತಟ್ಟೆಯನ್ನು ಅವನ ಮೇಲ್ದವಡೆಗೆ ಒತ್ತಿ ಹಿಡಿದಳು. ಅದು ಗಟ್ಟಿಯಾಗಲು ಎರಡು ನಿಮಿಷ ಸಾಕು. ಅವಳು ಐದು ನಿಮಿಷ ಹಿಡಿದಳು. ಬಾಯಿ ತುಂಬಿದವನ ಹತ್ತಿರ ಬೆರಳಿನಲ್ಲೇ ಉತ್ತರ ತೆಗೆಯುವುದು ಅವಳಿಗೆ ಹಳೆಯ ವಿದ್ಯೆ. ನೋವಿದೆಯಾ ಅಂದರೆ ಒಂದು ಬೆರಳು, ಉಸಿರು ಕಟ್ಟಿತಾ ಅಂದರೆ ಎರಡು.

‘ರಿಜಿಸ್ಟ್ರಿಗೆ ಇನ್ನೆಷ್ಟು ದಿನ?’

ಅವನು ಎರಡು ಬೆರಳೆತ್ತಿದ. ಅಂದರೆ ಗುರುವಾರ.

‘ಎಷ್ಟಕ್ಕೆ ಮಾತಾಯ್ತು?’

ಅವನು ಮುಷ್ಟಿ ಬಿಗಿದ. ವ್ಯಾಪಾರಿ, ಗಂಟಲಿಗೆ ಹಿಟ್ಟು ಇಳಿದರೂ ರೇಟು ಹೇಳುವವನಲ್ಲ.

‘ಹೋಗ್ಲಿ, ಆ ಓನರಮ್ಮ ಯಾಕೆ ಬರಲ್ವಂತೆ ಸಹಿ ಹಾಕೋಕೆ?’

ಟೈಲ್ಸಿನವನು ಕಣ್ಣಿನಲ್ಲೇ ಅಯ್ಯೋ ಪಾಪ ಅಂದು, ತೋರುಬೆರಳನ್ನು ಕಿವಿಯ ಮೇಲಿಟ್ಟು ಗಿರಗಿರ ತಿರುಗಿಸಿದ. ಒಂದು ಸುತ್ತಲ್ಲ, ಮೂರು ಸುತ್ತು.

ಹಲ್ಲಕ್ಕ ತಟ್ಟೆಯನ್ನು ಕಿತ್ತಳು. ಅಚ್ಚು ಅಂಗುಳಿನ ಗೆರೆ ಗೆರೆಯನ್ನೂ ಹಿಡಿದು ಬಂದಿತ್ತು. ಏನೇ ಆಗಲಿ, ಅವಳು ಕೆಲಸಕ್ಕೆ ದ್ರೋಹ ಬಗೆದವಳಲ್ಲ. ಅವನು ಹೋದ ಮೇಲೆ ಅಚ್ಚಿಗೆ ಪ್ಲಾಸ್ಟರ್ ಸುರಿದು, ಗುಳ್ಳೆ ತಟ್ಟಿ ತೆಗೆದು, ಆಮೇಲೆ ಕೂತಳು. ಅಳು ಬರಬಹುದು ಅಂತ ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ. ಬಂದದ್ದು ಹೇಸಿಗೆ. ಕೊಳೆತ ಬಾಯೊಳಗೆ ಬೆರಳಿಟ್ಟಾಗ ಕೂಡ ಅವಳಿಗೆ ಅಷ್ಟು ಹೇಸಿಗೆ ಬಂದಿರಲಿಲ್ಲ. ಅದರಲ್ಲಿ ಒಂದು ಪಾಲು ಅವಳ ಮೇಲೆ ಅವಳಿಗೇ. ಸಾವಿರ ಬಾಯೊಳಗೆ ದೀಪ ಹಿಡಿದು ಇಣುಕಿದವಳು ಎರಡು ಹಾಳೆ ಕಾಗದದೊಳಗೆ ಇಣುಕಿರಲಿಲ್ಲ.

ಆದರೂ ನ್ಯಾಯಕ್ಕೆ ಒಂದು ಅವಕಾಶ ಅಂತ ಸಂಜೆ ಮನೆಯಲ್ಲಿ ಊಟಕ್ಕೆ ಕೂತಾಗ ತಾನೇ ಮಾತು ತೆಗೆದಳು.

‘ಗುರುವಾರ ಅಂಗಡಿ ಮುಚ್ಚಿ ಎಲ್ಲಾದ್ರೂ ಹೋಗೋಣ ಅಂತಿದ್ದೆ. ಬರ್ತೀರಾ?’

ತುತ್ತು ಅವನ ಗಂಟಲಲ್ಲಿ ಒಂದು ಕ್ಷಣ ಬಾಡಿಗೆಗೆ ನಿಂತಿತು. ‘ಗುರುವಾರ ಬೇಡ. ಗುರುವಾರ ಕೆಲಸ ಇದೆ ನಂಗೆ.’

‘ಏನು ಕೆಲಸ?’

‘ಆಡಳಿತದ್ದು. ನಿಂಗರ್ಥ ಆಗಲ್ಲ ಬಿಡು.’

‘ಅರ್ಥ ಆಗೋ ಹಾಗೆ ಹೇಳಿ, ನೋಡೋಣ.’

‘ನೋಡು,’ ಅಂದ ಅವನು, ಮಗುವಿಗೆ ಮದ್ದು ಕುಡಿಸುವ ದನಿಯಲ್ಲಿ, ‘ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನ ನಿನ್ನ ಕೈಗೆ ಕಾಗದ ಕೊಟ್ಟು ತೊಂದರೆ ಮಾಡಿದ್ದೀನಾ? ಎಂಥೆಂಥಾ ಆಫೀಸುಗಳಲ್ಲಿ ಎಂಥೆಂಥೋರ ಮುಂದೆ ನಿಂತಿದ್ದೀನಿ. ನೀನಾಗಿದ್ರೆ ಬಾಗಿಲಲ್ಲೇ ಬೆವರಿರ್ತಿದ್ದೆ.’

‘ಆ ಪವರ್ ಪತ್ರ ಎಲ್ಲಿದೆ?’

‘ಇರೋ ಕಡೆ ಇದೆ. ಈಗ್ಯಾಕೆ ಅದು?’

‘ಸುಮ್ನೆ ಕೇಳ್ದೆ.’

‘ಸುಮ್ನೆ ಕೇಳೋರು ಸುಮ್ನೆ ಊಟ ಮಾಡಿ.’ ಅಷ್ಟಂದು ಪೇಪರು ಬಿಡಿಸಿ, ದೂರದ ಯಾವುದೋ ದೇಶದ ಬಜೆಟ್ಟಿನ ತಪ್ಪುಗಳನ್ನು ಅವಳಿಗೆ ತಿಳಿಸಿ ಹೇಳತೊಡಗಿದ. ಆ ದೇಶದವರು ಇವನಿಗೊಂದು ಕಾಗದ ಹಾಕಿ ಕೇಳಿದ್ದರೆ ಇಷ್ಟು ಹೊತ್ತಿಗೆ ಉದ್ಧಾರವಾಗಿ ಹೋಗಿರುತ್ತಿದ್ದರು. ಹಲ್ಲಕ್ಕ ಅವನ ದವಡೆ ನೋಡುತ್ತಾ ಕೂತಳು. ಒಳ್ಳೆಯ ಹಲ್ಲು, ಸ್ವಂತದ್ದು. ಅವನ ಬದುಕಿನಲ್ಲಿ ಸ್ವಂತದ್ದು ಅಂತ ಇದ್ದದ್ದು ಆ ಮೂವತ್ತೆರಡೇ.

ಬುಧವಾರ ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ ನೋಂದಣಿ ಕಚೇರಿಗೆ ನಡೆದಳು. ಕಚೇರಿಯ ಮೆಟ್ಟಿಲ ಕೆಳಗೆ, ಕಂಪ್ಯೂಟರು ಪ್ರಿಂಟರು ಇಟ್ಟುಕೊಂಡು, ಪತ್ರ ಬರೆಯುವ ಮುದುಕ ಕೂರುತ್ತಿದ್ದ. ಅವನ ಎರಡೂ ಸಾಲು ಹಲ್ಲಕ್ಕನ ಕೈಯದೇ. ಅವಳನ್ನು ಕಂಡ ಕೂಡಲೇ ಎದ್ದು ಸ್ಟೂಲು ಒರೆಸಿದ.

ಅವಳು ವಿಷಯ ಹೇಳಿದಳು. ಅವನು ಒಳಗೆ ಹೋಗಿ, ಹಳೇ ರೆಕಾರ್ಡಿನಿಂದ ಅವಳ ಪವರ್ ಪತ್ರದ ನಕಲು ತೆಗೆಸಿಕೊಂಡು ಬಂದು, ಕನ್ನಡಕ ಏರಿಸಿ ಓದಿದ. ಓದುತ್ತಾ ಓದುತ್ತಾ ಅವನ ಮುಖ ಸಂತೆಯಲ್ಲಿ ಕೆಟ್ಟ ಬದನೆ ಕೈಗೆ ಬಂದವನ ಹಾಗಾಯಿತು.

‘ಮಾರಬಹುದು, ಅಡ ಇಡಬಹುದು, ಕೋರ್ಟಿಗೆ ಹೋಗಬಹುದು, ಬಂದ ದುಡ್ಡು ಎಣಿಸ್ಕೋಬಹುದು. ನಿಮ್ಮ ಬದಲು ಉಸಿರಾಡಬಹುದು ಅಂತೊಂದು ಬರ್ದಿಲ್ಲ ಅಷ್ಟೇ. ಯಾರಮ್ಮ ಬರ್ದಿದ್ದು ಇದು?’

‘ನನಗೇನು ಗೊತ್ತು. ಒಲೆ ಮೇಲೆ ಪಾತ್ರೆ ಇತ್ತು.’

‘ಎಲ್ಲಾರ ಒಲೆ ಮೇಲೂ ಒಂದು ಪಾತ್ರೆ ಇರುತ್ತೆ ಬಿಡಿ. ನಲವತ್ತು ವರ್ಷದಿಂದ ನೋಡ್ತಿದ್ದೀನಿ, ಈ ಗಂಡ ಹೆಂಡ್ತೀರನ್ನ. ಸಂತೇಲಿ ಮಣ್ಣಿನ ಮಡಕೆ ತಗೋಬೇಕಾದ್ರೆ ಹತ್ತು ಸಲ ತಟ್ಟಿ ನೋಡ್ತಾರೆ, ಇಲ್ಲಿ ಬಂದು ಮನೇನೇ ಬರ್ಕೊಡ್ತಾರೆ, ಯಾಕ್ರೀ ಅಂದ್ರೆ ಬಸ್ಸಿಗೆ ಹೊತ್ತಾಯ್ತು ಅಂತಾರೆ. ಹೋದ ವರ್ಷ ಒಬ್ಬ ಗಂಡ ಹೆಂಡ್ತಿಗೆ ಪವರ್ ಕೊಟ್ಟ, ಹೆಂಡ್ತಿ ಗಂಡನಿಗೆ ಕೊಟ್ಳು. ಪ್ರೀತಿ ಅಂದ್ರು. ಆಕೆ ಈತನ ಗದ್ದೆ ಮಾರಿದ್ಳು, ಈತ ಆಕೆ ಮನೆ ಮಾರಿದ, ಒಂದೇ ದಿನ, ಇದೇ ಕಚೇರೀಲಿ, ಅಕ್ಕಪಕ್ಕದ ಕೌಂಟರಲ್ಲಿ. ಸಂಜೆ ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಒಂದೇ ಆಟೋದಲ್ಲಿ ಹೋದ್ರು.’

‘ಹೋಗಿ ಎಲ್ಲಿ ಇಳಿದ್ರು?’

‘ಅದೇ ಈಗ ಕೇಸ್ ನಡೀತಿರೋದು.’

ಹಲ್ಲಕ್ಕ ನಗಲಿಲ್ಲ. ‘ನಾನು ಕೊಟ್ಟಿದ್ದನ್ನ ನಾನು ಕಿತ್ಕೋಬಹುದಾ, ಇಲ್ವಾ?’

‘ಯಾಕಾಗಲ್ಲ. ಕೊಟ್ಟೋರೇ ಕಿತ್ಕೋಬಹುದು. ರದ್ದು ಪತ್ರ ಅಂತ ಒಂದು ಹಾಳೆ. ನೋಂದಣಿ ಮಾಡಿಸಿ, ಆತನ ಕೈಗೂ ಕೊಳ್ಳೋನ ಕೈಗೂ ಒಂದೊಂದು ಪ್ರತಿ ಕೊಟ್ರೆ ಮುಗೀತು. ನೀವು ಒಂದು ದವಡೆ ಹಲ್ಲಿಗೆ ತಗೋತೀರಲ್ಲ, ಅಷ್ಟೂ ಖರ್ಚಾಗಲ್ಲ.’

ಇಷ್ಟು ವರ್ಷ ಹಲ್ಲಕ್ಕ ಅದನ್ನು ಎಷ್ಟು ಎಳೆದರೂ ಕಿತ್ತು ಬಾರದ ಬುದ್ಧಿಹಲ್ಲು ಅಂದುಕೊಂಡಿದ್ದಳು.

‘ಆದ್ರೆ ಇದೆಲ್ಲಾ ಕೊಟ್ಟೋರ ತಲೆ ನೆಟ್ಟಗಿರೋ ತನಕ,’ ಅಂದ ಮುದುಕ ಕೀಲಿ ಕುಟ್ಟುತ್ತಾ. ‘ಕೊಟ್ಟೋರು ಸತ್ರೆ, ಇಲ್ಲಾ ಬುದ್ಧಿ ಕೆಟ್ರೆ, ಆ ಪವರು ತಾನಾಗೇ ಸತ್ತುಹೋಗುತ್ತೆ. ರದ್ದು ಮಾಡೋ ತಾಪತ್ರಯಾನೇ ಇಲ್ಲ.’

‘ಬುದ್ಧಿ ಕೆಟ್ರೂ ಸಾಯುತ್ತಾ?’

‘ಸಾಯುತ್ತೆ.’

ಕಿವಿಯ ಮೇಲೆ ಗಿರಗಿರ ತಿರುಗಿದ ಒಂದು ಬೆರಳು ಅವಳ ಕಣ್ಣ ಮುಂದಿತ್ತು. ಅವಳ ತುಟಿಯ ಒಂದು ಮೂಲೆ ಅಲ್ಲಾಡಿತು.

ಮುದುಕ ನಾಳೆಯ ಟೋಕನ್ನು ತಂದುಕೊಟ್ಟ. ಅವಳದು ಒಂಬತ್ತು. ಗಂಡನ ಮಾರಾಟ ಪತ್ರದ್ದು ನಾಲ್ಕು. ಇವತ್ತಿನ ಟೋಕನ್ನೆಲ್ಲ ಮುಗಿದಿದ್ದವು.

‘ಆತನದು ಮೊದಲು ಆಗಿಹೋದ್ರೆ?’

‘ಆಮೇಲೆ ಕೋರ್ಟು. ಹದಿನೈದು ವರ್ಷ. ತೀರ್ಪು ಓದೋ ಹೊತ್ತಿಗೆ ನಿಮ್ಮವೂ ಹಲ್ಲಿರಲ್ಲ. ಈಗ ಮನೆಗೆ ಹೋಗಿ ಜಗಳ ಮಾಡಬೇಡಿ ಮತ್ತೆ. ಸುಳಿವು ಸಿಕ್ರೆ ಇವತ್ತೇ ಬ್ಯಾಂಕಿಗೆ ಹೋಗಿ ಅಡ ಇಟ್ಟುಬಿಡ್ತಾನೆ. ನಾಳೆ ಹತ್ತು ಗಂಟೆಗೆ ಬಂದು ಒಳಗೆ ಕೂತಿರಿ. ಆತನ ಸರದಿ ಬಂದಾಗ ಎದ್ದು, ಮಾಲೀಕಳು ನಾನೇ, ಮಾರಲ್ಲ ಅಂದ್ರೆ ಸಾಕು.’

ಗುರುವಾರ ಕಚೇರಿಯ ಹಾಲಿನಲ್ಲಿ ಅವಳು ಕೊನೆಯ ಬೆಂಚಿನಲ್ಲಿ, ಕಂಬದ ಮರೆಗೆ ಕೂತಳು. ಉದ್ದನೆ ಹಾಲು, ಸದ್ದು ಮಾತ್ರ ಮಾಡುವ ಫ್ಯಾನು, ಬೆಂಚಿನ ತುಂಬ ಗಂಡ ಹೆಂಡಿರು, ಅಣ್ಣ ತಮ್ಮಂದಿರು, ಒಬ್ಬರ ಮುಖ ಒಬ್ಬರು ನೋಡದೆ ಕೂತವರು. ಎದುರಿಗೆ ಎತ್ತರದ ಮೇಜಿನ ಹಿಂದೆ ನೋಂದಣಿ ಅಧಿಕಾರಿಣಿ. ಮೂವತ್ತು ವರ್ಷ ಮನುಷ್ಯರ ಆಸೆ ನೋಡಿ ನೋಡಿ ಆಕೆಯ ಮುಖ ಇಸ್ತ್ರಿ ಹಾಕಿದ ಬಟ್ಟೆಯಂತೆ ಆಗಿತ್ತು, ಒಂದು ಗೆರೆ ಇಲ್ಲ.

ನೋಡ್ಕೋತೀನಪ್ಪ ಹತ್ತೂವರೆಗೆ ಬಂದ. ಹೊಸ ಶರ್ಟು, ಜೇಬಿನಲ್ಲಿ ಮೂರು ಪೆನ್ನು. ಮೂರು ಪೆನ್ನಿನವನಿಗೆ ಬರೆಯುವುದೇನೂ ಇರುವುದಿಲ್ಲ ಅನ್ನುವುದು ಆ ಕಚೇರಿಯ ಜವಾನನಿಗೂ ಗೊತ್ತಿತ್ತು. ಹಿಂದೆ ಟೈಲ್ಸಿನವನು, ಹಲ್ಲಿಲ್ಲದ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು. ಇಬ್ಬರೂ ಮುಂದಿನ ಬೆಂಚಿನಲ್ಲಿ ಕೂತು, ಹೆಣ್ಣು ನೋಡಿ ಒಪ್ಪಿದ ಬೀಗರ ಹಾಗೆ ಮೆಲ್ಲಗೆ ಮಾತಾಡಿಕೊಂಡರು.

ನಾಲ್ಕನೇ ಟೋಕನ್ನು ಕೂಗಿದರು. ಹಲ್ಲಕ್ಕ ಕಂಬದಿಂದ ಕತ್ತು ಹೊರಗೆ ಹಾಕಿದಳು.

ಅಧಿಕಾರಿಣಿ ಹಾಳೆ ತಿರುವಿದಳು. ‘ಪವರ್ ಮೇಲೆ ಮಾರ್ತಿದ್ದೀರಿ. ಮಾಲೀಕರು ಬದುಕಿದ್ದಾರಾ?’

‘ಇದ್ದಾರೆ ಮೇಡಂ. ನನ್ನ ಹೆಂಡ್ತಿನೇ.’

‘ಇದೇ ಊರಲ್ಲಿದ್ದಾರಾ?’

‘ಇದೇ ಊರು.’

‘ಮತ್ತೆ ಅವರೇ ಬರ್ಬಹುದಿತ್ತಲ್ಲ?’

‘ಸ್ವಲ್ಪ ಹುಷಾರಿಲ್ಲ ಮೇಡಂ. ಎಲ್ಲಾ ನಾನೇ ನೋಡ್ಕೋತೀನಿ.’

ಅಷ್ಟಕ್ಕೆ ನಿಂತಿದ್ದರೆ ಕೆಲಸ ಆಗಿಯೇ ಹೋಗುತ್ತಿತ್ತೇನೋ. ಅಧಿಕಾರಿಣಿಯ ಕೈ ಸೀಲಿನ ಕಡೆ ಹೊರಟಿತ್ತು. ಹಲ್ಲಕ್ಕ ಎದ್ದು ನಿಂತಿದ್ದಳು, ಇನ್ನೂ ಬಾಯಿ ತೆಗೆದಿರಲಿಲ್ಲ. ಆದರೆ ಟೈಲ್ಸಿನವನಿಗೆ ಬೇಗ ಮುಗಿಸಿ ಅಂಗಡಿಗೆ ಹೋಗಬೇಕಿತ್ತು. ಸಹಾಯ ಮಾಡೋಣ ಅಂದುಕೊಂಡ. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವುದು ಹಲ್ಲಿದ್ದವರಿಗಷ್ಟೇ ಹೇಳಿದ ಗಾದೆಯಲ್ಲ.

‘ಹುಷಾರಿಲ್ಲ ಅಂದ್ರೆ ಜ್ವರ ಗಿರ ಅಲ್ಲ ಮೇಡಂ. ತಲೇನೇ ಕೆಟ್ಟಿದೆ ಪಾಪ, ನಾಲ್ಕು ವರ್ಷ ಆಯ್ತಂತೆ. ಯಾರು ಏನು ಅಂತ ಗುರುತೇ ಇಲ್ವಂತೆ. ಈತನೇ ಮಗು ಥರ ಊಟ ಮಾಡ್ಸೋದು. ದೇವ್ರಂಥ ಮನುಷ್ಯ.’

ಸೀಲಿನ ಕಡೆ ಹೊರಟಿದ್ದ ಕೈ ದಾರಿಯಲ್ಲೇ ನಿಂತಿತು.

‘ತಲೆ ಕೆಟ್ಟಿದೆಯಾ?’ ಅಂದಳು ಅಧಿಕಾರಿಣಿ, ನೋಡ್ಕೋತೀನಪ್ಪನನ್ನು ನೋಡಿ.

‘ಹೂಂ... ಅಂದ್ರೆ, ಸ್ವಲ್ಪ ಮೇಡಂ.’

‘ಸ್ವಲ್ಪ ಕೆಟ್ರೂ ಪೂರ್ತಿ ಕೆಟ್ರೂ ಒಂದೇ. ಪವರ್ ಕೊಟ್ಟೋರ ಬುದ್ಧಿ ಕೆಟ್ಟ ದಿನಾನೇ ಈ ಪತ್ರ ಸತ್ತೋಯ್ತು. ನಾಲ್ಕು ವರ್ಷದಿಂದ ನೀವು ಹೆಣ ಜೇಬಲ್ಲಿಟ್ಕೊಂಡು ಓಡಾಡ್ತಿದ್ದೀರಿ. ನಡೀರಿ.’

ನೋಡ್ಕೋತೀನಪ್ಪನ ಬಣ್ಣ ಮೂರು ಸಲ ಬದಲಾಯಿತು. ಮೇಜಿನ ಅಂಚು ಹಿಡಿದುಕೊಂಡ. ‘ಇಲ್ಲ ಇಲ್ಲ ಮೇಡಂ, ಕೆಟ್ಟಿಲ್ಲ. ನೆಟ್ಟಗಿದ್ದಾಳೆ. ನಿಮಗಿಂತ ನೆಟ್ಟಗಿದ್ದಾಳೆ.’

‘ಏನಯ್ಯಾ,’ ಅಂದ ಟೈಲ್ಸಿನವನು, ‘ಮೊನ್ನೆ ನನ್ನ ಹತ್ರ ಕಣ್ಣೀರು ಹಾಕ್ದಲ್ಲ, ಬೆಳಿಗ್ಗೆ ಎದ್ದು ಕನ್ನಡೀಗೆ ಊಟ ಬಡಿಸ್ತಾಳೆ ಅಂತ?’

‘ಅದು... ಅದು ವಾಸಿಯಾಯ್ತು.’

‘ಯಾವಾಗ?’

‘ನಿನ್ನೆ.’

ಹಾಲಿನಲ್ಲಿ ಇಷ್ಟು ಹೊತ್ತು ಒಬ್ಬರ ಮುಖ ಒಬ್ಬರು ನೋಡದವರೆಲ್ಲ ಈಗ ಒಟ್ಟಿಗೆ ಇವನ ಮುಖ ನೋಡಿದರು. ಹಂಚಿಕೆ ವ್ಯಾಜ್ಯದ ಅಣ್ಣ ತಮ್ಮಂದಿರು ಹನ್ನೊಂದು ವರ್ಷದ ಮೇಲೆ ಮೊದಲ ಸಲ ಒಟ್ಟಿಗೆ ನಕ್ಕರಂತೆ.

‘ನೆಟ್ಟಗಿದ್ರೆ ಕರ್ಕೊಂಡು ಬನ್ನಿ,’ ಅಂದಳು ಅಧಿಕಾರಿಣಿ.

‘ಬಂದಿದ್ದೀನಿ,’ ಅಂದಳು ಹಲ್ಲಕ್ಕ, ಕಂಬದ ಮರೆಯಿಂದ ಆಚೆ ಬಂದು.

ಟೈಲ್ಸಿನವನು ಕರವಸ್ತ್ರ ಕೆಳಗಿಳಿಸಿದ. ‘ಇದು ಹಲ್ಲಿನ ಬಾಡಿಗೆಯಮ್ಮ ಅಲ್ವಾ?’

‘ಬಾಡಿಗೆಗಿರೋದು ಅವರು,’ ಅಂದಳು ಹಲ್ಲಕ್ಕ, ಗಂಡನ ಕಡೆ ಗಲ್ಲ ತೋರಿಸಿ. ‘ಅದೂ ಬಾಡಿಗೆ ಕೊಡದೆ.’

ನೋಡ್ಕೋತೀನಪ್ಪ ಅವಳನ್ನು ನೋಡಿದ ನೋಟದಲ್ಲಿ ಹೆದರಿಕೆ ಕಡಿಮೆ, ಬೇಸರ ಜಾಸ್ತಿ. ‘ನೀನ್ಯಾಕೆ ಬಂದೆ ಇಲ್ಲಿಗೆ? ಅಂಗಡಿ ಯಾರು ನೋಡ್ತಾರೆ?’ ಅಂದ.

ಅಧಿಕಾರಿಣಿ ಕೇಳಬೇಕಾದ್ದನ್ನೆಲ್ಲ ಕೇಳಿದಳು. ಹೆಸರೇನು, ಇವತ್ತು ಯಾವ ವಾರ, ಎದುರಿಗೆ ನಿಂತಿರುವವರು ಯಾರು. ಹಲ್ಲಕ್ಕ ಹೆಸರು ಹೇಳಿದಳು, ವಾರ ಹೇಳಿದಳು. ಎದುರಿಗೆ ನಿಂತಿದ್ದವನನ್ನು ಮೇಲಿನಿಂದ ಕೆಳಗೆ ನೋಡಿ, ‘ನಮ್ಮೆಜಮಾನ್ರು ಅಂತ ಬರ್ಕೊಳ್ಳಿ. ಬೇರೆ ಏನು ಬರೆದ್ರೂ ಈ ಹಾಳೆ ಸಾಲಲ್ಲ’ ಅಂದಳು.

‘ಬುದ್ಧಿ ಚೆನ್ನಾಗೇ ಇದೆ,’ ಅಂದಳು ಅಧಿಕಾರಿಣಿ. ‘ಒಂಬತ್ತನೇ ಟೋಕನ್ ಈಗ್ಲೇ ತಗೋತೀನಿ. ಯಾರಿಗಾದ್ರೂ ಅಭ್ಯಂತರ ಇದೆಯಾ?’

ಐದರಿಂದ ಎಂಟರವರೆಗಿನ ಒಬ್ಬರಿಗೂ ಇರಲಿಲ್ಲ. ಅವರಿಗೆ ಇಂಥ ಒಳ್ಳೆಯ ಬೆಳಿಗ್ಗೆ ಬಹಳ ದಿನದಿಂದ ಸಿಕ್ಕಿರಲಿಲ್ಲ.

ರದ್ದು ಪತ್ರಕ್ಕೆ ಅವಳು ಸಹಿ ಹಾಕುತ್ತಿದ್ದಾಗ ನೋಡ್ಕೋತೀನಪ್ಪ ಪಕ್ಕಕ್ಕೆ ಬಂದು ಕಿವಿಯಲ್ಲಿ, ‘ಆಯ್ತು, ಜಾಗದ್ದು ಬೇಡ. ಬ್ಯಾಂಕಿನ ಪವರಾದ್ರೂ ಇರ್ಲಿ. ಎಲ್ಲಾ ನಿನ್ನ ಒಳ್ಳೇದಕ್ಕೇ ಮಾಡಿದ್ದು. ನಿನ್ನ ಕೈಗೆ ರೆಸ್ಟ್ ಸಿಗ್ಲಿ ಅಂತ. ಜಾಗ ಮಾರಿದ ದುಡ್ಡಲ್ಲಿ ಕಾರು ತೊಳೆಯೋ ಮೆಷಿನ್ ಬರುತ್ತೆ, ಗುಂಡಿ ಒತ್ತಿದ್ರೆ ಸಾಕು, ತಾನೇ ತೊಳೆಯುತ್ತೆ. ನಾವು ಕೂತು ತಿನ್ಬಹುದು’ ಅಂದ.

ಆ ಊರಿನಲ್ಲಿ ಇದ್ದದ್ದು ನೂರು ಕಾರು. ಅದರಲ್ಲಿ ತೊಂಬತ್ತಕ್ಕೆ ಡ್ರೈವರಿದ್ದ, ಡ್ರೈವರಿಗೆ ಬಕೆಟ್ಟಿತ್ತು.

ಅಧಿಕಾರಿಣಿ ಸತ್ತ ಮಾರಾಟ ಪತ್ರವನ್ನು ಪಕ್ಕಕ್ಕೆ ಸರಿಸುತ್ತಾ ಹೇಳಿದಳು. ‘ಇದು ಹದಿನೆಂಟು ಲಕ್ಷದ್ದು. ವಾಪಸ್ ತಗೊಳ್ಳಿ.’

ಹಲ್ಲಕ್ಕನ ಪೆನ್ನು ನಿಂತಿತು. ‘ಎಷ್ಟು?’

‘ಹದಿನೆಂಟು.’

ಎರಡು ದಿನದಿಂದ ಗಂಟಲಲ್ಲಿಟ್ಟುಕೊಂಡಿದ್ದ ಸಿಟ್ಟು ಆಗ ಹೊರಗೆ ಬಂತು. ದನಿ ಮಾತ್ರ ಏರಲಿಲ್ಲ. ‘ಮೂಲೆ ಅಂಗಡಿನಾ? ಮುಖ್ಯ ಬೀದೀಲಾ? ಪಕ್ಕದ ಚಪ್ಪಲಿ ಅಂಗಡಿಯವನು ಅದರರ್ಧ ಜಾಗಕ್ಕೆ ಮೂವತ್ತು ತಗೊಂಡ್ನಲ್ರೀ. ಕದಿಯೋಕ್ಕೂ ಒಂದು ತಿಳಿವಳಿಕೆ ಬೇಕು. ಕಳ್ಳನ ಹೆಂಡ್ತಿ ಅಂದ್ರೆ ಒಂದು ಮರ್ಯಾದೆ ಆದ್ರೂ ಇರುತ್ತೆ, ದಡ್ಡ ಕಳ್ಳನ ಹೆಂಡ್ತಿ ಅನ್ನಿಸ್ಕೊಂಡು ನಾನು ಬೀದೀಲಿ ಹೇಗೆ ಓಡಾಡ್ಲಿ?’

‘ಅರ್ಜೆಂಟಿತ್ತು,’ ಅಂದ ಅವನು.

ಟೈಲ್ಸಿನವನು ನೆಲ ನೋಡಿದ. ಕೊಳ್ಳುವವನಿಗೆ ಅಗ್ಗವಾಗಿ ಸಿಗುವುದಿತ್ತು ಅನ್ನುವುದು ಈಗ ಹಾಲಿಗೆಲ್ಲ ತಿಳಿದುಹೋಗಿತ್ತು. ಹಲ್ಲಕ್ಕ ಸಹಿ ಮುಗಿಸಿ, ರದ್ದು ಪತ್ರದ ಒಂದೊಂದು ಪ್ರತಿಯನ್ನು ಇಬ್ಬರ ಕೈಗೂ ಕೊಟ್ಟಳು.

‘ನನ್ನ ಸೆಟ್ಟು?’ ಅಂದ ಟೈಲ್ಸಿನವನು ಸಣ್ಣ ದನಿಯಲ್ಲಿ.

‘ಶನಿವಾರ ಬನ್ನಿ. ಅಚ್ಚು ಚೆನ್ನಾಗಿ ಬಂದಿದೆ. ಪೂರ್ತಿ ರೇಟು, ಮುಂಗಡ.’

ಮುಂಗಡ ಅಂದ ಕೂಡಲೇ ಅವನಿಗೆ ಜೀವ ಬಂತು. ತಿರುಗಿ ನೋಡ್ಕೋತೀನಪ್ಪನ ತೋಳು ಹಿಡಿದ. ‘ನಾನು ಕೊಟ್ಟ ಎರಡು ಲಕ್ಷ ಮುಂಗಡ ಎಲ್ಲಯ್ಯಾ?’

ಅದು ಆಗಲೇ ಮೆಷಿನ್ನಿನವನ ಜೇಬು ಸೇರಿತ್ತು. ಮೆಷಿನ್ನು ಹಡಗಿನಲ್ಲಿತ್ತಂತೆ. ಹಡಗು ಎಲ್ಲಿತ್ತೋ ಆ ಮೆಷಿನ್ನಿನವನಿಗೂ ಗೊತ್ತಿರಲಿಲ್ಲ.

ಮೂವರೂ ಮೆಟ್ಟಿಲಿಳಿದು ಪತ್ರ ಬರೆಯುವ ಮುದುಕನ ಹತ್ತಿರ ಬಂದರು. ಪೊಲೀಸಿನ ಮಾತೆತ್ತಿದ ಟೈಲ್ಸಿನವನನ್ನು ಮುದುಕನೇ ಸಮಾಧಾನ ಮಾಡಿ, ಒಂದು ವರ್ಷದಲ್ಲಿ ಎರಡು ಲಕ್ಷ ತೀರಿಸುತ್ತೇನೆ ಅನ್ನುವ ಪತ್ರ ತಯಾರು ಮಾಡಿದ. ನೋಡ್ಕೋತೀನಪ್ಪ ಮೂರು ಪೆನ್ನುಗಳಲ್ಲಿ ಒಂದನ್ನು ತೆಗೆದು, ಸಹಿ ಮಾಡಿ, ಅದರ ಮುಂದೆ ಅಭ್ಯಾಸಬಲದಿಂದ ‘ಹೆಂಡತಿಯ ಪರವಾಗಿ’ ಅಂತ ಬರೆದುಬಿಟ್ಟ.

‘ಅದನ್ನ ಹೊಡೆದು ಹಾಕಿ,’ ಅಂದ ಮುದುಕ. ‘ಈಗ ನೀವು ಯಾರ ಪರವಾಗಿಯೂ ಇಲ್ಲ.’

ಅವನು ಹೊಡೆದು ಹಾಕಿದ. ತನ್ನ ಹೆಸರೊಂದೇ ಉಳಿದ ಆ ಜಾಗ ಅವನಿಗೆ ಬಹಳ ಬೋಳಾಗಿ ಕಂಡಿರಬೇಕು. ಟೈಲ್ಸಿನವನಿಗೂ ಹಾಗೇ ಕಂಡಿತು. ‘ಈತನ ಒಬ್ಬನ ಸಹಿ ತಗೊಂಡು ನಾನು ಗೋಡೆಗೆ ಅಂಟಿಸ್ಲಾ? ಯಾರಾದ್ರೂ ಜಾಮೀನು ನಿಲ್ಲಲಿ,’ ಅಂದ.

ನೋಡ್ಕೋತೀನಪ್ಪನ ಮುಖ ಅರಳಿತು. ಹಾಳೆಯನ್ನು ಹೆಂಡತಿಯ ಕಡೆ ತಿರುಗಿಸಿ, ಕೆಳಗಿನ ಖಾಲಿ ಗೆರೆಯ ಮೇಲೆ ಬೆರಳಿಟ್ಟ. ‘ಇಲ್ಲೊಂದು ಹಾಕ್ಬಿಡು. ಸುಮ್ನೆ ಹೆಸರಿಗೆ. ಓದೋದೇನಿಲ್ಲ ಅದ್ರಲ್ಲಿ.’

ಹಲ್ಲಕ್ಕ ಸ್ಟೂಲು ಎಳೆದುಕೊಂಡು ಕೂತಳು. ಮುದುಕನ ಕನ್ನಡಕ ಕೇಳಿ ಇಸಿದುಕೊಂಡಳು. ಮೊದಲ ಸಾಲಿನಿಂದ, ಪದದ ಕೆಳಗೆ ಬೆರಳು ಸರಿಸುತ್ತಾ, ತುಟಿ ಅಲ್ಲಾಡಿಸುತ್ತಾ ಓದತೊಡಗಿದಳು. ಒಂದು ಕಡೆ ನಿಂತು, ‘ತಪ್ಪಿದಲ್ಲಿ ಅಂದ್ರೆ ಏನು?’ ಅಂದಳು. ಮುದುಕ ಹೇಳಿದ. ಇನ್ನೊಂದು ಕಡೆ ನಿಂತು, ‘ಚರ ಸ್ಥಿರ ಅಂದ್ರೆ?’ ಅಂದಳು. ಅದನ್ನೂ ಹೇಳಿದ. ಮಧ್ಯಾಹ್ನದ ಊಟಕ್ಕೆ ಕಚೇರಿಯವರು ಡಬ್ಬಿ ಹಿಡಿದು ಇಳಿದು ಹೋದರು. ಟೈಲ್ಸಿನವನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸಿದ. ನೋಡ್ಕೋತೀನಪ್ಪ ತೆರೆದ ಪೆನ್ನನ್ನು ಅವಳ ಮುಂದೆ ಹಿಡಿದೇ ಇದ್ದ.

ಕೊನೆಯ ಸಾಲು ಮುಗಿಯಿತು. ಎರಡು ದಿನದಲ್ಲಿ ಅವಳಿಗೆ ಮೊದಲ ಸಲ ಹಸಿವಾಯಿತು.

‘ಚೆನ್ನಾಗಿ ಬರ್ದಿದ್ದೀರಿ,’ ಅಂತ ಮುದುಕನಿಗೆ ಕನ್ನಡಕ ಕೊಟ್ಟಳು. ಹಾಳೆಯನ್ನು ಇದ್ದ ಹಾಗೇ ಗಂಡನ ಕೈಗೆ ಕೊಟ್ಟು, ಬಸ್ಸು ಬರುವ ಕಡೆ ನಡೆದಳು.